ಷಡ್ಡಕನಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಹುಣಸೂರು ಕಡೆಯ ಒಂದು ಹಳ್ಳಿಯಲ್ಲಿ ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಸೇರಿ ಒಂದೇ ಬ್ಯಾರನ್ ಕಟ್ಟಿಕೊಂಡು ಹೊಗೆಸೊಪ್ಪು ಹದ ಮಾಡುತ್ತಿದ್ದರು. ಸಾಲ ಒಬ್ಬನ ಹೆಸರಿನಲ್ಲಿ, ಸೌದೆ ಇನ್ನೊಬ್ಬನ ತೋಟದ್ದು. ಈ ಇಬ್ಬರೂ ನನ್ನ ಮೇಜಿಗೆ ಬಂದದ್ದು ಇಂಗ್ಲಿಷಿನಲ್ಲಿ, ಲಂಡನ್ನಿನಲ್ಲಿ ಅಚ್ಚಾಗಬೇಕಿದ್ದ ಸಮಾಜಶಾಸ್ತ್ರದ ಪುಸ್ತಕವೊಂದರ ನಾಲ್ಕನೇ ಅಧ್ಯಾಯದೊಳಗೆ. ಲೇಖಕಿ ಅವರನ್ನು ‘ಕೋ-ಬ್ರದರ್ಸ್’ ಎಂದು ಕರೆದಿದ್ದರು. ನಾನು ಆ ಪದವನ್ನು ಹೊಡೆದುಹಾಕಿ, ಹೆಂಡತಿಯ ಸೋದರಿಯ ಗಂಡ ಎಂಬರ್ಥ ಬರುವ ಹಾಗೆ ಉದ್ದದ ಇಂಗ್ಲಿಷ್ ಬಾಲವೊಂದನ್ನು ಹೊಸೆದು ಕೂರಿಸಿದೆ. ಅಧ್ಯಾಯದಲ್ಲಿ ಆ ಪದ ಹದಿನೇಳು ಸಲ ಬಂದಿತ್ತು. ಹದಿನೇಳು ಸಲವೂ ಬಾಲ ಕಟ್ಟಿದೆ. ಮುಗಿಸಿ ಕಾಫಿಗೆ ಎದ್ದಾಗ ಒಳ್ಳೆಯ ಕೆಲಸ ಮಾಡಿದ ಸಮಾಧಾನವೇ ಇತ್ತು.

ಮೂರು ವಾರದ ಮೇಲೆ ಹಸ್ತಪ್ರತಿ ಲೇಖಕಿಯಿಂದ ವಾಪಸು ಬಂತು. ನಾನು ಮೊದಲು ತಿದ್ದಿದ ಜಾಗದ ಪಕ್ಕ, ಟಿಪ್ಪಣಿಯಲ್ಲಿ, ಕನ್ನಡದಲ್ಲೇ ಬರೆದಿದ್ದರು: ‘ನಿಮ್ಮ ಹೆಸರು ನೋಡಿದರೆ ನಮ್ಮ ಕಡೆಯವರ ಹಾಗೆ ಕಾಣುತ್ತೆ. ನಿಮ್ಮ ಮನೇಲಿ ಷಡ್ಡಕನನ್ನ ನೆಂಟರಿಗೆ ಏನಂತ ಪರಿಚಯ ಮಾಡಿಕೊಡ್ತೀರಿ?’ ಅದರ ಕೆಳಗೆ ಒಂದೇ ಪದ: ಸ್ಟೆಟ್.

ಸ್ಟೆಟ್ ಅಂದರೆ ಲ್ಯಾಟಿನ್ನಿನಲ್ಲಿ ‘ಹಾಗೇ ಇರಲಿ’ ಎಂದು. ತಿದ್ದಿದ್ದು ಬೇಡ, ಮೊದಲಿದ್ದದ್ದೇ ಉಳಿಯಲಿ ಎನ್ನಲು ಅಚ್ಚಿನ ಮನೆಯವರು ಹಾಕುವ ಗುರುತು. ಕಾಗದದ ಮೇಲೆ ತಿದ್ದುತ್ತಿದ್ದ ಕಾಲದಲ್ಲಿ ಹೊಡೆದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು ಅಂಚಿನಲ್ಲಿ ಈ ಮಾತು ಬರೆಯುತ್ತಿದ್ದರು. ಈಗ ಮೌಸ್ ಒತ್ತಿದರೆ ಆಯಿತು, ಆದರೆ ಹೆಸರು ಅದೇ.

ನಮ್ಮ ಮನೆಯಲ್ಲಿ ಷಡ್ಡಕ ಎಂಬ ಪದಕ್ಕೆ ಇದ್ದ ತೂಕ ನನಗೆ ಗೊತ್ತಿಲ್ಲದ್ದೇನಲ್ಲ. ಅಪ್ಪ ಬ್ಯಾಂಕಿನ ಸಾಲಕ್ಕೆ ಜಾಮೀನು ಹಾಕಿಸಿದ್ದು ಷಡ್ಡಕನಿಂದ, ಮಾತು ಬಿಟ್ಟಿದ್ದೂ ಷಡ್ಡಕನ ಜೊತೆಗೇ. ಅಣ್ಣತಮ್ಮಂದಿರ ನಡುವಿನ ಆಸ್ತಿಯ ಕಸಿವಿಸಿ ಇಲ್ಲಿಲ್ಲ, ಭಾವಮೈದುನರ ನಡುವಿನ ಮರ್ಯಾದೆಯ ಬಿಗುವೂ ಇಲ್ಲ. ಒಂದೇ ಮಾವನ ಮನೆಯ ಜಗಲಿಯಲ್ಲಿ ಒಟ್ಟಿಗೆ ಕೂತು, ಒಳಗಿನಿಂದ ಯಾರ ಲೋಟ ಮೊದಲು ಬರುತ್ತದೆ ಎಂದು ಓರೆಗಣ್ಣಿನಲ್ಲಿ ನೋಡುವ ಸಂಬಂಧ ಅದು. ಇಂಗ್ಲಿಷಿನ ‘ಬ್ರದರ್-ಇನ್-ಲಾ’ ಭಾವ, ಮೈದುನ, ಷಡ್ಡಕ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಅದು ಸಾಲದೆ ಬಂದಾಗ ನಮ್ಮ ದಕ್ಷಿಣದವರು ‘ಕೋ-ಬ್ರದರ್’ ಎಂಬ ಪದವನ್ನು ತಾವೇ ಕಟ್ಟಿಕೊಂಡರು, ಓರಗಿತ್ತಿಗೆ ‘ಕೋ-ಸಿಸ್ಟರ್’. ಇಂಗ್ಲಿಷಿನ ಇಟ್ಟಿಗೆಯಲ್ಲೇ, ಇಂಗ್ಲಿಷಿನ ವ್ಯಾಕರಣ ಮುರಿಯದೆ ಕಟ್ಟಿದ ಪದಗಳು. ಇವುಗಳಲ್ಲಿ ನನಗೆ ಕಂಡದ್ದು ತಪ್ಪು ಮಾತ್ರ.

ಯಾಕೆ ಹಾಗೆ ಕಂಡಿತು ಎಂಬುದನ್ನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ನಾನು ಅರಕಲಗೂಡು ಸೀಮೆಯವನು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಕೂತು ಇಂಗ್ಲಿಷ್ ತಿದ್ದುತ್ತಿದ್ದೇನೆ. ಬ್ರಿಟನ್, ಅಮೆರಿಕದ ಪ್ರಕಾಶಕರು ವಿದ್ವತ್ ಪುಸ್ತಕಗಳ, ಪತ್ರಿಕೆಗಳ ಅಕ್ಷರಜೋಡಣೆ ಮತ್ತು ಕಾಪಿ ಎಡಿಟಿಂಗ್ ಕೆಲಸದಲ್ಲಿ ದೊಡ್ಡ ಪಾಲನ್ನು ಚೆನ್ನೈ, ಪುದುಚೇರಿ, ಬೆಂಗಳೂರು, ದಿಲ್ಲಿ ಸುತ್ತಿನ ಕಚೇರಿಗಳಿಗೆ ಕೊಡುತ್ತಾರೆ. ಬಾಸ್ಟನ್ನಿನ ಪ್ರೊಫೆಸರರ ವಾಕ್ಯದಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕು ಎಂದು ಜೆ.ಪಿ. ನಗರದಲ್ಲೋ ಗಿಂಡಿಯಲ್ಲೋ ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟುಕೊಂಡವರು ತೀರ್ಮಾನಿಸುವುದು ಓದುವವರಿಗೆ ಗೊತ್ತೇ ಆಗುವುದಿಲ್ಲ. ಪುಸ್ತಕದ ಮೇಲೆ ನಮ್ಮ ಹೆಸರಿರುವುದಿಲ್ಲ. ಇರಬೇಕು ಎಂದು ನಾನು ಕೇಳುತ್ತಲೂ ಇಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನನಗೆ ಕಲಿಸಿದ್ದು ಬೇಟೆ. ಅಮೆರಿಕದ ಹಸ್ತಪ್ರತಿ ಬಂದರೆ ಮೊದಲು ‘ವಿಚ್’ ಎಂಬ ಪದವನ್ನು ಹುಡುಕಬೇಕು. ಅದರ ಹಿಂದೆ ಅಲ್ಪವಿರಾಮ ಇಲ್ಲದಿದ್ದರೆ ತೆಗೆದು ‘ದಟ್’ ಹಾಕಬೇಕು. ಮಾಟಗಾತಿಗೂ ಇಂಗ್ಲಿಷಿನಲ್ಲಿ ಅದೇ ಉಚ್ಚಾರ, ಹಾಗಾಗಿ ಈ ಕೆಲಸಕ್ಕೆ ‘ವಿಚ್ ಹಂಟಿಂಗ್’ ಎಂಬ ಅಡ್ಡಹೆಸರೂ ಇದೆ. ಕನ್ನಡದವನಿಗೆ ಇದಕ್ಕಿಂತ ವಿಚಿತ್ರವಾದ ಕೆಲಸ ಇನ್ನೊಂದಿಲ್ಲ. ‘ಮೊನ್ನೆ ತಂದ ಪುಸ್ತಕ’ ಎನ್ನುವವರು ನಾವು. ನಮ್ಮ ‘ತಂದ’ ಎಂಬ ಕೃದಂತದೊಳಗೇ ಎಲ್ಲ ಮುಗಿಯಿತು. ಅಲ್ಲಿ ವಿಚ್ಚೂ ಇಲ್ಲ, ದಟ್ಟೂ ಇಲ್ಲ. ಮೂಳೆಯಲ್ಲೇ ಇಲ್ಲದ ಭೇದವನ್ನು ನಾನು ಆ ಭಾಷೆಯಲ್ಲೇ ಹುಟ್ಟಿದವರಿಗೆ ಕಲಿಸುತ್ತಿದ್ದೆ!

ಈ ನಿಯಮದ ಹುಟ್ಟು ಹುಡುಕುತ್ತಾ ಹೋದರೆ ಸಿಗುವುದು ಇಂಗ್ಲೆಂಡಿನವನೊಬ್ಬ, ಹೆನ್ರಿ ಫೌಲರ್. 1926ರಲ್ಲಿ ಬಂದ ತನ್ನ ಬಳಕೆಯ ಕೋಶದಲ್ಲಿ, ಬರೆಯುವವರೆಲ್ಲ ಹೀಗೆ ಭೇದ ಮಾಡಿದರೆ ಸ್ಪಷ್ಟತೆ ಹೆಚ್ಚೀತು ಎಂದ. ಆದರೆ ಹೆಚ್ಚಿನವರಾಗಲಿ, ಒಳ್ಳೆಯ ಬರಹಗಾರರಾಗಲಿ ಈಗ ಹಾಗೆ ಬರೆಯುತ್ತಿದ್ದಾರೆ ಎಂದು ನಟಿಸುವುದು ವ್ಯರ್ಥ ಎಂದೂ ಅವನೇ ಒಪ್ಪಿಕೊಂಡ. ಅಂದರೆ ಅದೊಂದು ಆಸೆ. ಆ ಆಸೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸಂಪಾದಕರ ಕೈಯಲ್ಲಿ ಕಾನೂನಾಯಿತು. ಹುಟ್ಟಿದ ಊರಿನಲ್ಲಿ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ.

ಪರಿಣಾಮ ಅಳತೆಗೆ ಸಿಕ್ಕಿದೆ. 1961ರಲ್ಲಿ ಅಚ್ಚಾದ ಅಮೆರಿಕನ್ ಬರಹದಿಂದ ಹತ್ತು ಲಕ್ಷ ಪದ ಆಯ್ದು ಬ್ರೌನ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಗ್ರಹ ಮಾಡಿದರು. ಅದೇ ಅಳತೆಯಲ್ಲಿ ಬ್ರಿಟಿಷ್ ಬರಹದ್ದೊಂದು ಬಂತು. ಮೂವತ್ತು ವರ್ಷದ ಮೇಲೆ ಎರಡೂ ದೇಶದ್ದನ್ನು ಮತ್ತೊಮ್ಮೆ ಕೂಡಿಸಿದರು. ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿದ ಭಾಷಾಶಾಸ್ತ್ರಜ್ಞರಿಗೆ ಕಂಡದ್ದು: ಅಂಥ ‘ವಿಚ್’ ಅಮೆರಿಕದ ಅಚ್ಚಿನಲ್ಲಿ ಧಡಕ್ಕನೆ ಇಳಿದಿದೆ, ಬ್ರಿಟನ್ನಿನಲ್ಲಿ ನಿಧಾನವಾಗಿ. ಒಂದು ದೇಶದ ಬರಹದ ವ್ಯಾಕರಣ ಮೂರು ದಶಕದಲ್ಲಿ ಇಷ್ಟು ಬದಲಾಗಿದ್ದರ ಹಿಂದೆ, ಮೇಜಿನ ಮುಂದೆ ಬಗ್ಗಿ ಕೂತ ಸಂಬಳದವರ ಪೆನ್ಸಿಲ್ಲುಗಳೂ ಇದ್ದವು.

ಇಂಥದ್ದು ಹೊಸದೂ ಅಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದ ಹೊರೇಸ್ ಹಾರ್ಟ್ ಎಂಬಾತ 1893ರಲ್ಲಿ ತನ್ನ ಮೊಳೆ ಜೋಡಿಸುವವರಿಗೂ ಕರಡು ತಿದ್ದುವವರಿಗೂ ಒಂದು ಸಣ್ಣ ನಿಯಮಾವಳಿ ಮಾಡಿಕೊಟ್ಟ. ಮನೆಯೊಳಗಿನ ಕೆಲಸಕ್ಕೆ ಮಾಡಿಕೊಂಡದ್ದು. 1904ರಲ್ಲಿ ಅದು ಮಾರಾಟಕ್ಕೆ ಬಂತು. ಮುಂದೆ ಊರಿಗೆಲ್ಲ ಶಾಸನವಾಯಿತು. ಇದರಿಂದ ನನಗೊಂದು ಪೆಟ್ಟೂ ಬಿದ್ದಿದೆ. ಇಂಗ್ಲೆಂಡಿನ ಒಂದು ಪುಸ್ತಕ ಬಂದಾಗ ‘ಆರ್ಗನೈಸ್’, ‘ರಿಯಲೈಸ್’ಗಳಲ್ಲಿ ‘ಝಡ್’ ಕಂಡು, ಇದು ಅಮೆರಿಕದ ಕೊಳೆ ಎಂದು ತಿಳಿದು, ಮುನ್ನೂರು ಪುಟದಲ್ಲೂ ‘ಎಸ್’ ಮಾಡಿ ಕಳಿಸಿದೆ. ಹೋದ ವೇಗದಲ್ಲೇ ವಾಪಸು ಬಂತು. ಆಕ್ಸ್‌ಫರ್ಡಿನ ಸಂಪ್ರದಾಯದಲ್ಲಿ ಮೊದಲಿನಿಂದಲೂ ‘ಝಡ್’ಗೇ ಮಣೆ, ಗ್ರೀಕ್ ಮೂಲದ ನೆಪದಲ್ಲಿ. ಬ್ರಿಟಿಷರಿಗಿಂತ ಹೆಚ್ಚು ಬ್ರಿಟಿಷನಾಗಲು ಹೋಗಿ ಎರಡು ದಿನದ ಕೂಲಿ ಕಳೆದುಕೊಂಡೆ.

ಅಮೆರಿಕದ ನೋವಾ ವೆಬ್‌ಸ್ಟರ್‌ನ ಕಥೆ ಎಲ್ಲರಿಗೂ ಗೊತ್ತಿರುವುದೇ. 1806ರ ಕೋಶದಲ್ಲಿ ಅವನು ‘ಕಲರ್’ ಪದದ ‘ಯು’ ಕಿತ್ತುಹಾಕಿದ, ‘ಸೆಂಟರ್’ನ ಬಾಲ ತಿರುಗಿಸಿದ. ಇವು ನಿಂತವು. ನಾಲಿಗೆ ಎಂಬರ್ಥದ ‘ಟಂಗ್’ ಪದವನ್ನು ಕೇಳಿಸಿದ ಹಾಗೆ ನಾಲ್ಕೇ ಅಕ್ಷರದಲ್ಲಿ ಬರೆಯಿರಿ ಎಂದದ್ದು ಬಿದ್ದುಹೋಯಿತು. ಅಚ್ಚಿನ ಮನೆ ಒಪ್ಪಿದ್ದು ಉಳಿಯಿತು, ಒಪ್ಪದ್ದು ಕೋಶದಲ್ಲೇ ಸತ್ತಿತು. ಕೆನಡಾದ ಪತ್ರಿಕೆಗಳು ಬಹುಕಾಲ ‘ಯು’ ಇಲ್ಲದೆ ಬರೆದು, ಅಲ್ಲಿನ ಮುಖ್ಯ ಸುದ್ದಿಸಂಸ್ಥೆ ಕೆನಡಿಯನ್ ಪ್ರೆಸ್ 1998ರಲ್ಲಿ ‘ಯು’ ಸೇರಿಸಿಕೊಂಡದ್ದೇ ತಡ, ಅತ್ತ ತಿರುಗಿದವು. ಶಾಲೆ ಮಕ್ಕಳು, ಕವಿಗಳು, ಪ್ರೊಫೆಸರರು ಯಾರನ್ನೂ ಕೇಳಬೇಕಾಗಲಿಲ್ಲ.

ಆದರೆ ಕಾಗುಣಿತ ಮೇಲುಮೈಯ ಮಾತು. ನನ್ನನ್ನು ಕಾಡಿದ್ದು ಕೊಲ್ಹಾಪುರ.

ನಮ್ಮ ಗಡಿ ದಾಟಿದರೆ ಸಿಗುವ ಊರು. ಅಲ್ಲಿನ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿ ಎಂಬ ವಿದ್ವಾಂಸರು, ಬ್ರೌನ್ ಸಂಗ್ರಹದ ಅಳತೆಯನ್ನೇ ಇಟ್ಟುಕೊಂಡು, 1978ರಲ್ಲಿ ಅಚ್ಚಾದ ಭಾರತೀಯ ಇಂಗ್ಲಿಷ್ ಬರಹಗಳಿಂದ ಹತ್ತು ಲಕ್ಷ ಪದ ಕೂಡಿಸಿದರು. ತಲಾ ಸುಮಾರು ಎರಡು ಸಾವಿರ ಪದದ ಐನೂರು ತುಂಡು. ಭಾರತೀಯರ ಇಂಗ್ಲಿಷ್ ಹೇಗಿದೆ ಎಂದು ಊಹೆಯಲ್ಲಿ ಮಾತಾಡುವುದನ್ನು ಬಿಟ್ಟು ಎಣಿಸಿ ಮಾತಾಡಲು ಸಾಧ್ಯವಾದದ್ದು ಅದರಿಂದ. ದೊಡ್ಡ ಕೆಲಸ. ಅದರ ಬಗ್ಗೆ ಓದುತ್ತಿದ್ದಾಗ ಒಂದು ಸಾಮಾನ್ಯ ಸಂಗತಿ ನನಗೆ ತಟ್ಟಿತು: ಅಲ್ಲಿರುವುದು ಅಚ್ಚಾದ ಬರಹ. ಅಚ್ಚಾದದ್ದು ಅಂದರೆ ಯಾರೋ ತಿದ್ದಿದ್ದು. ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿಯ ಉಪಸಂಪಾದಕ ಬಿಟ್ಟದ್ದು ಮಾತ್ರ ಅಲ್ಲಿ ‘ಭಾರತೀಯ ಇಂಗ್ಲಿಷ್’ ಎಂದು ಕೂತಿದೆ. ಅವನು ಹೊಡೆದುಹಾಕಿದ್ದು ಎಣಿಕೆಗೇ ಬಂದಿಲ್ಲ. ಮುಂದೆ ಹಲವು ದೇಶಗಳ ಇಂಗ್ಲಿಷನ್ನು ಕೂಡಿಸುವ ಅಂತರರಾಷ್ಟ್ರೀಯ ಯೋಜನೆ ಶುರುವಾದಾಗ ಅದರಲ್ಲಿ ಮಾತಿಗೇ ಹೆಚ್ಚು ಪಾಲು ಕೊಟ್ಟು, ಕಾಗದಪತ್ರ, ವಿದ್ಯಾರ್ಥಿಗಳ ಪರೀಕ್ಷೆಯ ಉತ್ತರಗಳನ್ನೂ ಸೇರಿಸಿದರು. ತಿದ್ದುವ ಕೈ ತಾಕದ ಬರಹವೂ ಹೀಗೆ ಲೆಕ್ಕಕ್ಕೆ ಬಂತು.

ಇನ್ನು ನನ್ನ ಮೇಜನ್ನೇ ನೋಡಿ. ಒಂದು ಪದ ಸರಿಯೋ ತಪ್ಪೋ ಎಂದು ಅನುಮಾನ ಬಂದರೆ ನಾನು ಕೋಶ ನೋಡುತ್ತೇನೆ. ಕೋಶದವರು ಆ ಪದ ಅಚ್ಚಿನಲ್ಲಿ ಎಷ್ಟು ಸಲ, ಎಂಥ ಕಡೆ ಬಂದಿದೆ ಎಂದು ನೋಡುತ್ತಾರೆ. ಅಚ್ಚಿನಲ್ಲಿ ಅದು ಯಾಕೆ ಕಡಿಮೆ? ನನ್ನಂಥವರು ಹೊಡೆದುಹಾಕಿದ್ದರಿಂದ. ಯಾಕೆ ಹೊಡೆದುಹಾಕಿದೆವು? ಕೋಶದಲ್ಲಿ ಇಲ್ಲದ್ದರಿಂದ. ನಮ್ಮೂರಿನ ಗಾಣದ ಎತ್ತು ಇಷ್ಟು ಅಚ್ಚುಕಟ್ಟಾಗಿ ಸುತ್ತುತ್ತಿರಲಿಲ್ಲ. ಸಾಕ್ಷಿ ಹೇಳಬೇಕಾದವರನ್ನು ಮೊದಲು ಊರಾಚೆ ಕಳಿಸಿ, ಆಮೇಲೆ ಸಾಕ್ಷಿ ಯಾರೂ ಇಲ್ಲ ಎಂದು ತೀರ್ಪು ಬರೆಯುವ ನ್ಯಾಯಾಧೀಶ ನಾನು. ಹದಿನೇಳು ‘ಕೋ-ಬ್ರದರ್’ಗಳನ್ನು ಹೀಗೇ ಊರು ಬಿಡಿಸಲು ಹೊರಟಿದ್ದೆ.

ದಕ್ಷಿಣ ಆಫ್ರಿಕಾದ ಹೈಡೀ ಕ್ರೂಗರ್ ಮತ್ತು ಬರ್ಟಸ್ ವಾನ್ ರೋಯ್ ಎಂಬ ವಿದ್ವಾಂಸರು ಈ ಜಾಗಕ್ಕೇ ಕೈಹಾಕಿದ್ದಾರೆ. ಸಂಪಾದಕರ ಕೈಗೆ ಹೋಗುವ ಮೊದಲಿನ ಬರಹವನ್ನೂ ಆಮೇಲಿನದನ್ನೂ ಜೋಡಿಯಾಗಿ ಇಟ್ಟುಕೊಂಡು, ಏನು ಹೋಯಿತು, ಏನು ಉಳಿಯಿತು ಎಂದು ನೋಡುವ ಕೆಲಸ. ಅವರು ಎತ್ತಿಕೊಂಡ ಒಂದು ಸಂಗತಿ ನಮಗೂ ನೆಂಟಸ್ತಿಕೆಯದು. ಅಲ್ಲಿನ ಕಪ್ಪು ಜನರ ಇಂಗ್ಲಿಷಿನಲ್ಲೂ ನಮ್ಮ ‘ಐ ಆ್ಯಮ್ ಹ್ಯಾವಿಂಗ್’ ಥರದ, ಮುಗಿಯದ ಕ್ರಿಯೆಯ ರೂಪ ಧಾರಾಳ. ಎಲ್ಲೋ ಜೋಹಾನ್ಸ್‌ಬರ್ಗಿನಲ್ಲಿ ಒಬ್ಬರು ಆ ಬಾಲವನ್ನು ಕತ್ತರಿಸಬೇಕೋ ಬಿಡಬೇಕೋ ಎಂದು ಪೆನ್ನು ಹಿಡಿದು ಕೂತಿರುವುದನ್ನು ನೆನೆದರೆ ಪಕ್ಕದ ಕುರ್ಚಿಯವರೇ ಅನ್ನಿಸುತ್ತದೆ.

ಕತ್ತರಿಸುವುದರಲ್ಲಿ ಯಾರು ಹೆಚ್ಚು ಕಟುಕರು? ನನ್ನ ಅನುಭವದಲ್ಲಿ, ನಾವೇ. ಸ್ಕಾಟ್ಲೆಂಡಿನ ಒಬ್ಬ ಇತಿಹಾಸಕಾರರ ಹಸ್ತಪ್ರತಿಯಲ್ಲಿ ‘ಔಟ್‌ವಿತ್’ ಎಂಬ ಪದ ಬಂದಿತ್ತು. ಹೊರಗೆ ಎಂದರ್ಥ, ಸ್ಕಾಟ್ಲೆಂಡಿನವರ ಸ್ವಂತ ಇಂಗ್ಲಿಷ್. ನಾನು ‘ಔಟ್‌ಸೈಡ್’ ಮಾಡಿದೆ. ನಮ್ಮ ಕೆಲಸವನ್ನು ಮೇಲಿನಿಂದ ನೋಡುತ್ತಿದ್ದ, ಎಡಿನ್‌ಬರೋದಲ್ಲಿದ್ದ ವಯಸ್ಸಾದ ಸಂಪಾದಕಿಯೊಬ್ಬರು ಅಷ್ಟನ್ನೂ ಮೊದಲಿದ್ದ ಹಾಗೆ ಮಾಡಿ, ಒಂದು ಸಾಲಿನ ಟಿಪ್ಪಣಿ ಬರೆದರು: ಆತ ಸ್ಕಾಟ್, ಆತ ಮಾತಾಡುವುದೇ ಹಾಗೆ. ವಿವರಣೆ ಇಲ್ಲ, ಕೋಶದ ಪುಟಸಂಖ್ಯೆ ಇಲ್ಲ, ಭಯ ಇಲ್ಲ. ಆಕೆಗೂ ನನಗೂ ಇದ್ದ ವ್ಯತ್ಯಾಸ ಜ್ಞಾನದ್ದಾಗಿದ್ದರೆ ನಾನು ಓದಿ ತುಂಬಿಕೊಳ್ಳಬಹುದಿತ್ತು. ವ್ಯಾಕರಣದ ಸೂತ್ರಗಳು ಬಹುಶಃ ಆಕೆಗಿಂತ ನನಗೇ ಹೆಚ್ಚು ಬಾಯಿಪಾಠ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಇದು ಅರ್ಥವಾಗುತ್ತದೆ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆಯಬೇಕಾದರೂ ಬಾಡಿಗೆಯವನು ಮಾಲೀಕರ ಮುಖ ನೆನೆಯುತ್ತಾನೆ. ಮಾಲೀಕ ಬೇಕಾದರೆ ಗೋಡೆಯನ್ನೇ ಒಡೆದು ಕಿಟಕಿ ಇಡುತ್ತಾನೆ. ಹದಿನಾಲ್ಕು ವರ್ಷ ಇಂಗ್ಲಿಷಿನಲ್ಲಿ ಬಾಡಿಗೆಗಿದ್ದೇನೆ, ಗೋಡೆ ಮಾತ್ರ ಬಹಳ ಚೊಕ್ಕಟವಾಗಿಟ್ಟಿದ್ದೇನೆ.

ತಿದ್ದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ ನನಗೆ. ಬಿಡಲು ಬೇಕಿತ್ತು. ‘ಔಟ್‌ವಿತ್’ಗೆ ಬಿಡುವ ಅಧಿಕಾರ ಇದ್ದವರೊಬ್ಬರು ಎಡಿನ್‌ಬರೋದಲ್ಲಿದ್ದರು. ಹುಣಸೂರಿನ ಷಡ್ಡಕರಿಗೆ ಅಂಥವರು ಇದ್ದಿದ್ದರೆ ನಾನೇ ಆಗಬೇಕಿತ್ತು. ತಿದ್ದಿದ ಮೊದಲಿಗನೂ ನಾನೇ.

ಈ ಚಾಳಿ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಒಂದು ಪ್ರಬಂಧ ನೆನಪಾಗುತ್ತದೆ. ಏಳನೇ ಕ್ಲಾಸಿನಲ್ಲಿ ನಮ್ಮೂರ ಜಾತ್ರೆಯ ಬಗ್ಗೆ ಬರೆಯುತ್ತಾ ‘ಎತ್ಲಾಗ್ ಹೋದ್ನೋ ಗೊತ್ತಾಗ್ಲಿಲ್ಲ’ ಎಂಬ ಅವ್ವನ ಮಾತನ್ನು ಇದ್ದ ಹಾಗೇ ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಯಾವ ಕಡೆಗೆ ಹೋದನೋ ತಿಳಿಯಲಿಲ್ಲ’ ಎಂದು ತಿದ್ದಿ, ಅರ್ಧ ಅಂಕ ಕಳೆದಿದ್ದರು. ಕನ್ನಡದಲ್ಲೇ ಬಾಡಿಗೆದಾರನಾಗುವುದನ್ನು ಅಲ್ಲಿ ಕಲಿತೆ. ಇಂಗ್ಲಿಷಿಗೆ ಹೋದಾಗ ಹೊಸದಾಗಿ ಕಲಿಯುವುದು ಉಳಿದಿರಲಿಲ್ಲ.

ಹಾಗಂತ ಬಿಡುವುದೆಲ್ಲ ಔದಾರ್ಯ ಎಂದೂ ನಾನು ನಂಬುವುದಿಲ್ಲ. ನೈಜೀರಿಯಾದ ಅಮೋಸ್ ಟುಟುವೊಲಾ ಲಾಗೋಸಿನ ಕಾರ್ಮಿಕ ಇಲಾಖೆಯಲ್ಲಿ ಜವಾನನಾಗಿದ್ದವನು. ಶಾಲೆ ಓದಿದ್ದು ಕೆಲವೇ ವರ್ಷ. ಅವನು ಬರೆದ ‘ದಿ ಪಾಮ್-ವೈನ್ ಡ್ರಿಂಕರ್ಡ್’ ಕಾದಂಬರಿಯನ್ನು 1952ರಲ್ಲಿ ಲಂಡನ್ನಿನ ಫೇಬರ್ ಸಂಸ್ಥೆ ಹೊರತಂದಿತು. ಹೆಂಡ ಇಳಿಸುವವನು ಮರದಿಂದ ಬಿದ್ದು ಸತ್ತಾಗ, ಕುಡುಕ ಅವನನ್ನು ಹುಡುಕುತ್ತಾ ಸತ್ತವರ ಊರಿಗೆ ಹೊರಡುವ ಕಥೆ. ಯೊರುಬಾ ಅಜ್ಜಿಕಥೆಯ ಓಟ ಇಂಗ್ಲಿಷಿನೊಳಗೆ ನುಗ್ಗಿದೆ. ಪ್ರಕಾಶಕರು ಆ ಇಂಗ್ಲಿಷನ್ನು ಬಹುಪಾಲು ಬಿಟ್ಟರು. ಬಿಟ್ಟದ್ದಷ್ಟೇ ಅಲ್ಲ, ಪುಸ್ತಕದೊಳಗೆ ಹಸ್ತಪ್ರತಿಯ ಒಂದು ಪುಟವನ್ನು ತಮ್ಮ ತಿದ್ದುಪಡಿಗಳ ಗೀಟುಗಳ ಸಮೇತ ಚಿತ್ರವಾಗಿ ಅಚ್ಚುಮಾಡಿದರು.

ಆ ಪುಟದ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಬೇರೆ ಯಾವ ಲೇಖಕನ ಪುಸ್ತಕದಲ್ಲಿ ಸಂಪಾದಕ ತನ್ನ ಗೀಟನ್ನು ಪ್ರದರ್ಶನಕ್ಕಿಡುತ್ತಾನೆ? ಇದು ನಿಜವಾಗಿಯೂ ಆಫ್ರಿಕನ್ ಒಬ್ಬನೇ ಬರೆದದ್ದು, ನಾವು ಹೆಚ್ಚು ಮುಟ್ಟಿಲ್ಲ ಎಂಬ ಪ್ರಮಾಣಪತ್ರ ಅದು. ಕವಿ ಡಿಲನ್ ಥಾಮಸ್ ಪತ್ರಿಕೆಯಲ್ಲಿ ಮೆಚ್ಚಿ ಬರೆದ, ಲಂಡನ್ ಚಪ್ಪಾಳೆ ತಟ್ಟಿತು. ನೈಜೀರಿಯಾದ ಓದಿದ ಜನಕ್ಕೆ ಮಾತ್ರ ಅವಮಾನವಾಯಿತು: ಇವನ ತಪ್ಪನ್ನು ತೋರಿಸಿ ನಮ್ಮೆಲ್ಲರನ್ನೂ ನಗೆಪಾಟಲು ಮಾಡುತ್ತಿದ್ದಾರೆ ಎಂದು. ಇಬ್ಬರ ಮಾತಿನಲ್ಲೂ ನನಗೆ ಹುರುಳು ಕಾಣುತ್ತದೆ. ಸ್ಕಾಟ್ ಇತಿಹಾಸಕಾರರನ್ನು ಬಿಟ್ಟದ್ದು ಅದು ಅವರ ಮಾತು ಎಂದು. ಟುಟುವೊಲಾನನ್ನು ಬಿಟ್ಟದ್ದರಲ್ಲಿ, ಎಷ್ಟು ಚೆನ್ನಾಗಿ ತಪ್ಪು ಮಾಡುತ್ತಾನೆ ನೋಡಿ ಎಂಬ ಬೆರಗೂ ಸ್ವಲ್ಪ ಬೆರೆತಿತ್ತು ಎಂದೇ ನನ್ನ ಗುಮಾನಿ.

ನಮ್ಮ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಬೇರೆ ದಾರಿ ಹಿಡಿದರು. 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕಾಂತಾಪುರ’ಕ್ಕೆ ಮುನ್ನುಡಿ ಬರೆದು, ತನ್ನದಲ್ಲದ ನುಡಿಯಲ್ಲಿ ತನ್ನದೇ ಚೇತನವನ್ನು ಹೇಳಬೇಕಾದ ಕಷ್ಟವನ್ನು ಮೊದಲೇ ವಿವರಿಸಿಬಿಟ್ಟರು. ಆ ಮುನ್ನುಡಿಯನ್ನು ವಿಮರ್ಶಕರು ಸಿದ್ಧಾಂತವಾಗಿ ಓದುತ್ತಾರೆ. ಕಾಪಿ ಎಡಿಟರನಾಗಿ ನನಗೆ ಅದು ಕಾಣುವುದು ಒಂದು ಉದ್ದನೆಯ ‘ಸ್ಟೆಟ್’ ಆಗಿ. ಪೆನ್ಸಿಲ್ ಎತ್ತುವ ಮೊದಲೇ ಕೈ ಹಿಡಿದುಕೊಳ್ಳುವ ಮಾತಾಗಿ. ಹಳ್ಳಿಯ ಮುದುಕಿ ಅಚ್ಚಕ್ಕ ಹೇಳುವ ಕಥೆ ಅದು. ನಾವು ‘ಹೋಗಿ, ನೋಡಿ, ಬಂದು, ಕೂತು’ ಎಂದು ಎಳೆಯುವ ಹಾಗೆ ವಾಕ್ಯದಿಂದ ವಾಕ್ಯಕ್ಕೆ ‘ಆ್ಯಂಡ್’ ಹಿಡಿದು ಓಡುತ್ತಾಳೆ. ಆ ಮುನ್ನುಡಿ ಇಲ್ಲದೆ ಅದು ನನ್ನ ಮೇಜಿಗೆ ಬಂದಿದ್ದರೆ ಆಕೆ ಉಸಿರು ತೆಗೆದುಕೊಳ್ಳಲಿ ಎಂದು ಪುಟಕ್ಕೆ ಹತ್ತು ಪೂರ್ಣವಿರಾಮ ಇಟ್ಟು ಸಾಯಿಸುತ್ತಿದ್ದೆ.

ಮೈಸೂರಿನ ಆರ್.ಕೆ. ನಾರಾಯಣರಿಗೆ ಸಿಕ್ಕಿದ ಸಂಪಾದಕ ಗ್ರಹಾಂ ಗ್ರೀನ್. ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು ಸುಸ್ತಾದ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ನಾರಾಯಣರು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಅದನ್ನು ಗ್ರೀನ್‌ಗೆ ಮುಟ್ಟಿಸಿದ. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು. ತಿದ್ದುಪಡಿ ರಕ್ಷಾಪುಟದಿಂದಲೇ ಶುರು: ನಾರಾಯಣಸ್ವಾಮಿ ಎಂಬ ಹೆಸರು ಉದ್ದವಾಯಿತೆಂದು ಗ್ರೀನ್ ಸಲಹೆಯಂತೆ ನಾರಾಯಣ್ ಆಯಿತು. ಆ ಸ್ನೇಹ ಇಲ್ಲದಿದ್ದರೆ ಮಾಲ್ಗುಡಿ ಇರುತ್ತಿರಲಿಲ್ಲವೇನೋ. ಆದರೂ ಕತ್ತರಿಸಿದ ಆ ‘ಸ್ವಾಮಿ’ ಪುಸ್ತಕದ ಹೆಸರಿನಲ್ಲಿ ಹೋಗಿ ಕೂತದ್ದು ನೋಡಿದಾಗಲೆಲ್ಲ ನಗು ಬರುತ್ತದೆ.

ತಿದ್ದುಪಡಿಯ ಹೊರೆ ಹೊರುವುದು ಯಾವಾಗಲೂ ಬಡವರ ಕಡೆಯೇ ಅಲ್ಲ ಎನ್ನುವುದಕ್ಕೆ ಹ್ಯಾರಿ ಪಾಟರ್ ಇದೆ. ಇಂಗ್ಲೆಂಡಿನಲ್ಲಿ 1997ರಲ್ಲಿ ‘ಫಿಲಾಸಫರ್ಸ್ ಸ್ಟೋನ್’, ಅಂದರೆ ನಮ್ಮ ಸ್ಪರ್ಶಮಣಿ, ಎಂದಿದ್ದದ್ದು ಮರುವರ್ಷ ಅಮೆರಿಕದಲ್ಲಿ ‘ಸಾರ್ಸರರ್ಸ್ ಸ್ಟೋನ್’, ಮಾಂತ್ರಿಕ ಕಲ್ಲು, ಆಯಿತು. ತತ್ವಜ್ಞಾನಿ ಎಂಬ ಪದ ಕಂಡರೆ ಅಮೆರಿಕದ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂಬ ಅಂಜಿಕೆ. ಒಳಗಿನ ‘ಜಂಪರ್’ಗಳೂ ‘ಸ್ವೆಟರ್’ ಆದವು. ಮಾಟಮಂತ್ರ ನಂಬುವ ಮಕ್ಕಳು ಒಂದು ಜಂಪರನ್ನು ಊಹಿಸಿಕೊಳ್ಳಲಾರರೆ?

ನಮ್ಮ ಕಡೆಯ ಪುಸ್ತಕಗಳಲ್ಲಿ ತಿದ್ದುವುದು ಇನ್ನೂ ಸೂಕ್ಷ್ಮ. ಲಕ್ಷ, ಕೋಟಿಯನ್ನು ಮಿಲಿಯನ್ನಿಗೆ ಇಳಿಸುವುದು. 12,50,000 ಎಂದಿರುವುದರ ಅಲ್ಪವಿರಾಮವನ್ನು ಒಂದು ಮನೆ ಆಚೆ ತಳ್ಳುವುದು. ‘ತಾಲೂಕು’ ಎಂಬ ಪದವನ್ನು ಓರೆ ಅಕ್ಷರದಲ್ಲಿ ವಾಲಿಸುವುದು. ನಮ್ಮ ಇಂಗ್ಲಿಷ್ ದಿನಪತ್ರಿಕೆಗಳ ಡೆಸ್ಕುಗಳು ಈ ವಿಷಯದಲ್ಲಿ ನಮಗಿಂತ ಗಟ್ಟಿಗರು. ಲಾಠಿ, ಬಂದ್, ಘೇರಾವ್, ಲಕ್ಷ, ಕೋಟಿ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ ಅಚ್ಚು ಹಾಕಿ ಹಾಕಿ ಇಂಗ್ಲಿಷ್ ಮಾಡಿಬಿಟ್ಟವು. ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಎಲ್ಲರೂ ಬಹುಮಾನದ ಬಗ್ಗೆ ಮಾತಾಡಿದರು. ನಾನು ಮೊದಲು ತೆರೆದದ್ದು ಅನುವಾದಕಿ ದೀಪಾ ಭಾಸ್ತಿಯವರ ಟಿಪ್ಪಣಿಯನ್ನು. ಅದರ ತಲೆಬರಹವೇ ಓರೆ ಅಕ್ಷರಗಳ ವಿರುದ್ಧ ಎಂದು. ಕನ್ನಡ, ಉರ್ದು, ಅರಬ್ಬಿ ಪದಗಳು ಆ ಪುಸ್ತಕದಲ್ಲಿ ವಾಲದೆ, ಅಡಿಟಿಪ್ಪಣಿಯ ಊರುಗೋಲಿಲ್ಲದೆ ನಿಂತಿವೆ. ಶೆಫೀಲ್ಡಿನ ಒಂದು ಸಣ್ಣ ಪ್ರಕಾಶನ ಸಂಸ್ಥೆ ಅದಕ್ಕೆ ಒಪ್ಪಿತು. ಬಾಡಿಗೆ ಮನೆಯ ಗೋಡೆಗೆ ಒಬ್ಬರು ಮೊಳೆ ಹೊಡೆದಿದ್ದರು, ಮನೆ ಬೀಳಲಿಲ್ಲ.

ನನ್ನ ಕಸುಬನ್ನು ನಾನೇ ಹಳಿದುಕೊಳ್ಳುತ್ತಿದ್ದೇನೆ ಎಂದು ತಿಳಿಯಬೇಡಿ. ಅದೇ ಸಮಾಜಶಾಸ್ತ್ರದ ಪುಸ್ತಕದಲ್ಲಿ ಒಂದು ಕೋಷ್ಟಕದ ಒಟ್ಟು ಮೊತ್ತ ತಾಳೆಯಾಗುತ್ತಿರಲಿಲ್ಲ. ಒಂದು ಪ್ಯಾರಾದಲ್ಲಿ ‘ಅವನು’ ಸಾಲ ಕೊಟ್ಟವನೋ ತೆಗೆದುಕೊಂಡವನೋ ಗೊತ್ತಾಗುತ್ತಿರಲಿಲ್ಲ. ಎರಡನ್ನೂ ಹಿಡಿದೆ. ಲೇಖಕಿ ಫೋನು ಮಾಡಿ ‘ಬಹಳ ಉಪಕಾರವಾಯ್ತು ಕಣಪ್ಪ’ ಎಂದರು. ಓದುಗ ಎಡವುವ ಕಲ್ಲು ಬೇರೆ, ಲೇಖಕರ ಊರಿನ ಗುರುತು ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಬಾಚುತ್ತಿದ್ದದ್ದು ನನ್ನ ದೋಷ. ಈಗ ಕಂಪ್ಯೂಟರೇ ತಿದ್ದುವ ಕಾಲ ಬಂದಿದೆ. ‘ಕೋ-ಬ್ರದರ್’ ಕೆಳಗೆ ಅದು ಕೆಂಪು ಗೀಟು ಎಳೆಯುತ್ತದೆ, ‘ಔಟ್‌ವಿತ್’ ಕೆಳಗೂ ಎಳೆಯುತ್ತದೆ. ಆ ಮಟ್ಟಿಗೆ ನನಗಿಂತ ನಿಷ್ಪಕ್ಷಪಾತಿ. ಅದಕ್ಕೆ ಟಿಪ್ಪಣಿ ಬರೆದು ಕೇಳೋಣ ಎಂದರೆ ಅದರ ಮನೆಯಲ್ಲಿ ಷಡ್ಡಕರಿಲ್ಲ.

ಪುಸ್ತಕ ಮರುವರ್ಷ ಅಚ್ಚಾಗಿ ಬಂತು. ಲೇಖಕಿ ನನಗೊಂದು ಪ್ರತಿ ಕಳಿಸಿದ್ದರು. ನಾಲ್ಕನೇ ಅಧ್ಯಾಯದಲ್ಲಿ ‘ಕೋ-ಬ್ರದರ್’ ಹದಿನೇಳು ಸಲವೂ ಇದೆ, ನೆಟ್ಟಗಿನ ಅಕ್ಷರದಲ್ಲಿ, ಅರ್ಥವಿವರಣೆ ಇಲ್ಲದೆ. ಹಿಂದಿನ ಪದಸೂಚಿ ತಯಾರಿಸುವ ಕೆಲಸ ಬೇರೆ ಊರಿನ ಬೇರೆ ಕಚೇರಿಗೆ ಹೋಗಿತ್ತು. ಅಲ್ಲಿ ಹುಡುಕಿದೆ. ‘ಬ್ರದರ್-ಇನ್-ಲಾ ನೋಡಿ’ ಎಂದಿತ್ತು.